ಗುರುವಾರದ ಸಪ್ಪೆ

"ಈ ಹಟ್ಟಿಯಾಗೆ ಯಾರಿಗೂ ಬಿಪಿನೇ ಇಲ್ಲೇನು?"

ಕೆಂಚೇಶ್ ಇದನ್ನು ಯಾರನ್ನೂ ಕೇಳಿದ್ದಲ್ಲ. ಬೇವಿನಮರದ ಕಟ್ಟೆಯ ಮೇಲೆ ಕೂತು, ಬಿಪಿ ನೋಡುವ ಮಿಷನ್ನನ್ನು ಚೀಲಕ್ಕೆ ತುಂಬುತ್ತ ಬಾಯಿಂದ ಬಂದ ಮಾತು. ಎದುರಿಗೊಂದು ಮೇಕೆಯಿತ್ತು. ಅದು ಅವನನ್ನೊಮ್ಮೆ ನೋಡಿ ಮೆಲುಕು ಮುಂದುವರಿಸಿತು.

ಮೊದಲು ಅವನು ಆಂಬುಲೆನ್ಸಿನಲ್ಲಿದ್ದವನು. ಸೈರನ್ ಕೂಗಿಸಿಕೊಂಡು ಬಂದರೆ ಜನ ಎದ್ದು ದಾರಿ ಬಿಡುತ್ತಿದ್ದರು, ಕೈ ಮುಗಿಯುತ್ತಿದ್ದರು. ಬಿಳಿಚೋಡಿನಾಚೆಯ ಈ ಹಟ್ಟಿಯಿಂದ ಸುಂಕಲಮ್ಮನನ್ನು ಎತ್ತಿಕೊಂಡು ಹೋದದ್ದೂ ಅವನೇ. ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ವಾಲಿಬಿದ್ದಿದ್ದಳು. ಕಾಲದೆಸೆಗೆ ಕೂತ ಅಕ್ಕ ಗಾದ್ರಮ್ಮ ದಾರಿಯುದ್ದಕ್ಕೂ ಮೆಲುದನಿಯಲ್ಲಿ ದೇವರ ಪದ ಹೇಳುತ್ತಲೇ ಇದ್ದಳು. ತಂಗಿಯ ಉಸಿರು ನಡುದಾರಿಯಲ್ಲಿ ನಿಂತಿತು. ಗಾದ್ರಮ್ಮ ಪದವನ್ನು ಕೊನೆಯವರೆಗೂ ಹೇಳಿ ಮುಗಿಸಿ, ಆಮೇಲೆ ಅತ್ತಳು. ಬಿಪಿ ಏರಿ ತಲೆಯಲ್ಲಿ ರಕ್ತನಾಳ ಒಡೆದಿದೆ, ಮೊದಲೇ ಮಾತ್ರೆ ನುಂಗಿದ್ದರೆ ಬದುಕುತ್ತಿದ್ದಳು ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಅದಾದ ಮೇಲೆ ಕೆಂಚೇಶ್ ತಾನಾಗಿಯೇ ಕೇಳಿ ಬೇರೆ ಕೆಲಸ ಹಾಕಿಸಿಕೊಂಡ. ಜನ ಬಿದ್ದ ಮೇಲೆ ಎತ್ತುವುದಲ್ಲ, ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡಿ, ಮಾತ್ರೆ ಕೊಟ್ಟು, ಬೀಳದಂತೆ ನೋಡಿಕೊಳ್ಳುವುದು. ಇದಕ್ಕೆ ಸೈರನ್ನಿಲ್ಲ, ಒಂದು ಹಳೇ ಬೈಕು. ಯಾರಿಗೂ ಏನೂ ಆಗದಿರುವಾಗ ಆಂಬುಲೆನ್ಸಿನವನು ಬಾಗಿಲಿಗೆ ಬಂದರೆ ಏನು ಶಕುನವೆಂದು ಮೊದಮೊದಲು ಜನ ಬಾಗಿಲು ಮುಂದೆ ಮಾಡಿಕೊಂಡರು. ಬಂಗಾರಮ್ಮನಂತೂ ಅವನು ಹೋದ ಮೇಲೆ ಹೊಸ್ತಿಲು ತೊಳೆದಳು. ಒಳಗೆ ಕರೆದು ಚಾಪೆ ಹಾಸಿದವಳು ಗಾದ್ರಮ್ಮ ಒಬ್ಬಳೇ. ಅವಳು ತೋಳು ಚಾಚಿದ ಮೇಲೆ ಹಟ್ಟಿಯೇ ಚಾಚಿತು.

ಅಲ್ಲಿಂದಾಚೆಗೆ, ಅವನು ಬರುವ ಪ್ರತಿ ಗುರುವಾರ, ಎಲ್ಲರ ಬಿಪಿಯೂ ಅವನು ಹೇಳಿದಂತೆ ಕೇಳತೊಡಗಿತು. ಗಾದ್ರಮ್ಮ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಪದ ಶುರು ಮಾಡುವಳು. ಪದ ಮುಗಿಯುವವರೆಗೂ ಕೆಂಚೇಶ್ ಗುಂಡಿ ಒತ್ತುತ್ತಿರಲಿಲ್ಲ. ತಾಲ್ಲೂಕಿನಲ್ಲೇ ಇಂಥ ಹಟ್ಟಿಯಿಲ್ಲವೆಂದು ಮೇಲಿನವರು ಮೆಚ್ಚಿದರು. ಮೆಚ್ಚಿದ್ದರಿಂದಲೇ ಇನ್ನು ಅಲ್ಲಿ ಅವನ ಅಗತ್ಯವಿಲ್ಲವೆಂದೂ ತೀರ್ಮಾನವಾಯಿತು. ಬರುವ ಗುರುವಾರ ಡಾಕ್ಟರ್ ಧನುಶ್ರೀ ಬಂದು ನೋಡಿ ಒಪ್ಪಿದರೆ ಅವನನ್ನು ನ್ಯಾಮತಿ ಕಡೆಗೆ, ಗೋವಿನಕೋವಿಗೆ ಹಾಕುತ್ತಾರೆ.

ಆ ಸುದ್ದಿ ಹೇಳಲು ಅವನು ಮಂಗಳವಾರವೇ ಹಟ್ಟಿಗೆ ಹೋದ. ಗಾದ್ರಮ್ಮ ಜೋಳದ ರೊಟ್ಟಿಗೆ ಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡು, ಪಕ್ಕದಲ್ಲಿ ಉಪ್ಪಿನಕಾಯಿಯನ್ನೂ ಇಟ್ಟುಕೊಂಡು ಉಣ್ಣುತ್ತಿದ್ದಳು. ಉಂಡು ಕೈತೊಳೆದು ಸಾವರಿಸಿಕೊಳ್ಳಲಿ ಎಂದು ಕಾದ. ಬಂದಿದ್ದೇನೆ, ನೋಡಿಯೇ ಹೋಗೋಣವೆಂದು ಆಮೇಲೆ ಪಟ್ಟಿ ಸುತ್ತಿದ. ಮಿಷನ್ ಇನ್ನೂರರ ಹತ್ತಿರ ಹೋಗಿ ನಿಂತಿತು. ಮತ್ತೊಮ್ಮೆ ನೋಡಿದ. ಅಷ್ಟೇ ಇತ್ತು.

"ವಾರಲ್ಲದ ವಾರ ಬಂದು ಕೈ ಹಿಡಿದ್ರೆ ಹಿಂಗೆ ಆಗಾದು" ಎಂದು ಗಾದ್ರಮ್ಮ ಅವನನ್ನೇ ಬೈದಳು.

"ಮಾತ್ರೆ ತಗಂಡಿಲ್ವಾ ಅಜ್ಜಿ?"

"ಇವತ್ತು ಯಾಕೆ ತಗಳ್ಳಿ? ಇವತ್ತು ಮಂಗಳವಾರ."

ಆಮೇಲೆ ಎಲ್ಲ ಒಂದೊಂದಾಗಿ ಹೊರಬಿತ್ತು. ಕೆಂಚೇಶ್ ಬರುವ ಗುರುವಾರ ಹಟ್ಟಿಗೆ ವ್ರತದ ದಿನವಾಗಿತ್ತು. ಬುಧವಾರದಿಂದಲೇ ಸಪ್ಪೆ ಊಟ. ತಲೆಗೆ ನೀರು ಹಾಕಿಕೊಂಡು, ತೀರ್ಥದ ಜೊತೆ ಮಾತ್ರೆ ನುಂಗುವುದು. ಅಂಜಿನಮ್ಮ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಬಿಡುವಳು. ಬಂಗಾರಮ್ಮ ಸೊಸೆಯ ಮೇಲಿನ ಜಗಳವನ್ನು ಶುಕ್ರವಾರಕ್ಕೆ ಮೀಸಲಿಡುವಳು. ಉಳಿದ ಮಾತ್ರೆಗಳು ಗಾದ್ರಮ್ಮನ ದೇವರ ಗೂಡಿನಲ್ಲಿ, ವಿಭೂತಿಗಟ್ಟಿಯ ಪಕ್ಕ, ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು.

ದಿನಾ ನುಂಗಬೇಕೆಂದು ಎಷ್ಟು ಸಲ ಹೇಳಿಲ್ಲವೆಂದು ಅವನು ಕೇಳಿದ.

"ದಿನಾ ಮಾಡಿದ್ರೆ ಅದು ವ್ರತ ಹೆಂಗಾಗತೈತೆ? ನಿನ್ ಮಿಷನ್ನಾಗೆ ಜಾಸ್ತಿ ಬಂದ್ರೆ ಮ್ಯಾಲಿನೋರು ನಿನ್ನ ಬೈಯಲ್ವಾ? ನಮ್ ಸುಂಕ್ಲವ್ವನ್ನ ಎತ್ತಿದ ಕೈ ಅದು. ಅದಕ್ಕೆ ಕೆಟ್ಟ ಹೆಸರು ಬರಬಾರದು ತಮ್ಮಾ."

ಕೆಂಚೇಶ್ ಬಂದ ವಿಷಯಕ್ಕೆ ಬಂದ. ತಾನಿನ್ನು ಬರುವುದಿಲ್ಲವೆಂದು ಹೇಳಿದ. ಗಾದ್ರಮ್ಮ ಸ್ವಲ್ಪ ಹೊತ್ತು ಬೇಜಾರು ಮಾಡಿಕೊಂಡಳು. ಆಮೇಲೆ, ಹಾಗಾದರೆ ಗುರುವಾರದ ಸಪ್ಪೆಯೂ ತಪ್ಪಿದಂತಾಯಿತು ಎಂದಳು. ವ್ರತ ನಿಂತರೆ ಆ ಒಂದು ದಿನದ ಮಾತ್ರೆಯೂ ನಿಲ್ಲುತ್ತದೆ. ಅಕ್ಕನನ್ನೂ ಎತ್ತಿಕೊಂಡು ಹೋಗುವ ದಿನ ಅವನ ಕಣ್ಣಿಗೆ ಕಟ್ಟಿತು.

ದಾರಿಯಲ್ಲೇ ಬೈಕು ನಿಲ್ಲಿಸಿ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದ. ಧನುಶ್ರೀ ನಕ್ಕರು. ಮನೆಗೆ ಹತ್ತಿರದ ಕೆಲಸ ಬಿಟ್ಟು ಹೋಗಲು ಯಾರಿಗೂ ಮನಸ್ಸಿರುವುದಿಲ್ಲ, ನಿಮ್ಮ ಅಜ್ಜಿಯೇ ಹೇಳಲಿ, ಕೇಳುತ್ತೇನೆ ಎಂದರು.

ಗುರುವಾರ ಬಂತು. ಮಾತ್ರೆ ದಿನಾ ನುಂಗಿ ಎಂದು ಕೆಂಚೇಶ್ ಮನೆಮನೆಗೆ ಹೇಳಿ ಹೋಗಿದ್ದ; ದೊಡ್ಡ ಡಾಕ್ಟರು ಬರುತ್ತಾರೆಂಬ ಮಾತೊಂದೇ ಹಟ್ಟಿಯ ಕಿವಿಗೆ ಬಿದ್ದಿತ್ತು. ಸಪ್ಪೆಯ ಜೊತೆ ಕೆಲವರು ಉಪವಾಸವನ್ನೂ ಸೇರಿಸಿದ್ದರು. ಬಾಗಿಲುಗಳಲ್ಲಿ ರಂಗೋಲಿಯಿತ್ತು. ಬಂಗಾರಮ್ಮ ಸೊಸೆಯ ತಲೆ ಬಾಚುತ್ತ ಕೂತಿದ್ದಳು.

ಧನುಶ್ರೀ ಒಬ್ಬೊಬ್ಬರನ್ನಾಗಿ ನೋಡುತ್ತ ಬಂದರು. ಎಲ್ಲಿಯೂ ಬಿಪಿ ಗಡಿ ದಾಟಲಿಲ್ಲ. ಗಾದ್ರಮ್ಮನ ಪದ ಮುಗಿಯಿತು, ಗುಂಡಿ ಒತ್ತಿದ್ದಾಯಿತು, ಅವಳದೂ ಸರಿಯಿತ್ತು. ಡಾಕ್ಟರು ಕೆಂಚೇಶನ ಬೆನ್ನು ತಟ್ಟಿದರು. ಅವನು ಗಾದ್ರಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಜ್ಜಿ, ಮಂಗಳವಾರ ಎಷ್ಟಿತ್ತು, ಮಾತ್ರೆ ಯಾವತ್ತು ತಗಂತೀರಿ, ಮೇಡಮ್ಮರಿಗೆ ನಿಮ್ ಬಾಯಾಗೇ ಹೇಳ್ರಿ. ಹೇಳಿದ್ರೆ ನಾನು ಇಲ್ಲೇ ಉಳೀತೀನಿ."

ಗಾದ್ರಮ್ಮ ಸೆರಗು ಸರಿಮಾಡಿಕೊಂಡು ಡಾಕ್ಟರ ಕಡೆ ತಿರುಗಿದಳು. ಈ ಹುಡುಗ ಬರತೊಡಗಿದ ಮೇಲೆ ತಮ್ಮ ಹಟ್ಟಿಯಲ್ಲಿ ಒಬ್ಬರೂ ಬಿದ್ದಿಲ್ಲವೆಂದಳು. ಡಾಕ್ಟರು ತಲೆದೂಗಿದರು. ಕೆಂಚೇಶ್ ಅವಳ ಎರಡೂ ಕೈ ಹಿಡಿದುಕೊಂಡು, ಸುಂಕಲಮ್ಮನ ಹೆಸರು ಹೇಳಿ, ಇನ್ನೊಮ್ಮೆ ಬೇಡಿಕೊಂಡ.

ಅವಳು ಕೈ ಬಿಡಿಸಿಕೊಂಡಳು.

"ನಿನ್ ಮರ್ಯಾದಿ ತೆಗಿಯೋ ಮಾತು ನನ್ ಬಾಯಾಗೆ ಬರಾಕಿಲ್ಲ ತಮ್ಮಾ. ನಾ ಹೇಳಾಕಿಲ್ಲ."