ಅವ್ವನ ಬಲಗಾಲು

ಪ್ರತಿಭಾ ತನ್ನದೇ ನಡಿಗೆಯಲ್ಲಿ ನಡೆದದ್ದನ್ನು ನಾನು ನೋಡಿದ್ದು ಕಡಿಮೆ. ಅಟ್ಟೂರಿನ ನಮ್ಮ ಬೀದಿಯಲ್ಲಿ ಒಂದು ದಿನ ಮಂಡಿನೋವಿನ ಮುದುಕನಂತೆ ಕಾಲೆಳೆಯುತ್ತ ಹಾಲಿಗೆ ಹೋಗುವಳು. ಮರುದಿನ ಆಗತಾನೆ ಹೆಜ್ಜೆ ಕಲಿತ ಕೂಸಿನಂತೆ ತಟ್ಟಾಡುತ್ತ ಬರುವಳು. ಚಿತ್ರ ಬರೆದು, ಆ ಚಿತ್ರಗಳನ್ನು ನಡೆಸಿ, ತನ್ನ ಮನೆಯ ಕಥೆಗಳನ್ನೇ ಪುಟ್ಟ ಪುಟ್ಟ ಸಿನಿಮಾ ಮಾಡುವುದು ಅವಳ ಕಸುಬು. ಯಾರನ್ನು ಬರೆಯಬೇಕೋ ಅವರಂತೆ ಮೊದಲು ತಾನು ನಡೆದು ನೋಡಬೇಕೆಂಬುದು ಅವಳ ಹಟ. ಇದನ್ನರಿಯದ ಮನೆಯೊಡತಿ ಗೋಪಾಲಮ್ಮ, "ಆ ಮಗೀಗೆ ಕಾಲ್ನಾಗೇನೋ ಐತೆ ಕಣಪ್ಪ, ಇಂಗೇ ಬುಟ್ರೆ ಮದ್ವೆ ಎಂಗಾಯ್ತದೆ" ಎಂದು ನನ್ನೊಡನೆ ಪೇಚಾಡಿಕೊಂಡಿದ್ದರು.

ಪ್ರತಿಭಾಳ ಮನೆಯವರು ಮಹಡಿಯಲ್ಲಿ, ನಾನು ಕೆಳಗೆ. ತಂದೆ ನಾಗಲಿಂಗಪ್ಪನವರು ಗದಗದ ಕಡೆಯಿಂದ ಬಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಹಳೆಯ ಖಾಕಿ ಅಂಗಿಯೇ ಮಗಳಿಗೆ ಕೆಲಸದ ಕವಚ; ಅದರ ತೋಳೆಲ್ಲ ಇದ್ದಿಲ ಮಸಿ. ಗೋಡೆಗೆ ಅಂಟಿಸಿದ ಒಂದೇ ದಪ್ಪ ಹಾಳೆಯ ಮೇಲೆ ಇದ್ದಿಲಿನಿಂದ ಬರೆದು, ಫೋಟೋ ತೆಗೆದು, ಅದನ್ನು ಮಸಿಯ ಗುರುತು ಉಳಿಯುವಂತೆ ಒರೆಸಿ, ಕೂದಲೆಳೆಯಷ್ಟು ಮುಂದಕ್ಕೆ ಮತ್ತೆ ಬರೆಯುವುದು ಅವಳ ಕ್ರಮ. ಕಂಪ್ಯೂಟರಿನಲ್ಲೇ ಬರೆಯಬಾರದೇ ಎಂದು ಕೇಳಿದ್ದಕ್ಕೆ, "ಅಳಿಸಿದ್ದೂ ಕಾಣ್ಬೇಕು ಅಂಕಲ್" ಎಂದಿದ್ದಳು.

ತಾಯಿ ಗಂಗಾದೇವಿಯವರಿಗೆ ಬಾಲ್ಯದಿಂದಲೂ ಕಾಲು ಕುಂಟು. ಮಗಳು ಮೊಬೈಲು ಎತ್ತಿದರೆ ಸಾಕು, "ಕುಂಟೂದ್ರಾಗ ಏನ್ ಚೆಂದ ಐತಂತ ಹಿಡೀತಿ?" ಎಂದು ಸಿಕ್ಕಲ್ಲಿ ಕೂತುಬಿಡುತ್ತಿದ್ದ ಮಾನವಂತೆ. ತೀರಿಹೋದ ಮೇಲೆ ನೋಡಿದರೆ ಫೋಟೋಗಳು ಬೇಕಾದಷ್ಟಿವೆ, ಎಲ್ಲವೂ ಕೂತವು. ಅವ್ವನ ಒಂದು ಹೆಜ್ಜೆಯೂ ಎಲ್ಲೂ ಉಳಿದಿರಲಿಲ್ಲ.

ಅಡುಗೆಮನೆಯಿಂದ ಅವ್ವ ಎದುರಿಗೆ ನಡೆದು ಬರುವುದಷ್ಟನ್ನಾದರೂ ಉಳಿಸಿಕೊಳ್ಳಬೇಕೆಂದು ಮಗಳು ಹೊರಟಳು. ನಿಲುವುಗನ್ನಡಿಯ ಮುಂದೆ ಅವ್ವನಂತೆ ಕುಂಟುವುದು, ಕಂಡದ್ದನ್ನು ಬರೆಯುವುದು, ಮುಂದಿನ ಹೆಜ್ಜೆಗಾಗಿ ಅಳಿಸುವುದು. ವರ್ಷವೊಂದು ಹೀಗೆಯೇ ಸವೆಯಿತು. "ದಿನಾ ಅವ್ವನ್ನ ನಾನೇ ಒರೆಸ್ತಿದೀನಿ ಅಂಕಲ್" ಎಂದವಳೇ ಮೆಟ್ಟಿಲು ಹತ್ತಿ ಹೋದಳು.

ಮುಗಿದ ದಿನ ಅಪ್ಪನಿಗೆ ತೋರಿಸುವಾಗ ನನ್ನನ್ನೂ ಕರೆದಳು. ಮಸಿಯ ಮಬ್ಬಿನೊಳಗಿಂದ ಗಂಗಾದೇವಿಯವರು ನಮ್ಮತ್ತಲೇ ಬಂದರು. ನಾಗಲಿಂಗಪ್ಪನವರು ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಕೇಳಿದರು: "ನಿಮ್ಮವ್ವಂದು ಬಲಗಾಲು ಅಲ್ಲೇನವಾ?"

ಪರದೆಯ ಮೇಲೆ ಕುಂಟಿದ್ದು ಎಡಗಾಲು. ಚಿತ್ರವನ್ನು ಎಡಬಲ ತಿರುಗಿಸೋಣವೆಂದರೆ, ಫೋಟೋ ನೋಡಿ ಸರಿಯಾಗಿ ಬರೆದ ಎಡಮೂಗಿನ ಮೂಗುತಿ ಬಲಕ್ಕೆ ಹೋಗುತ್ತದೆ. ಪ್ರತಿಭಾ ಅತ್ತುಬಿಟ್ಟಳು. "ನಂಗ ಅವ್ವ ಮರ್ತೇ ಹೋದ್ಲಪ್ಪಾ."

"ಹೆಂಗ ನಡದು ನೋಡಿದ್ದಿ, ಒಮ್ಮೆ ತೋರ್ಸು" ಎಂದರು ಅವರು.

ಅವಳು ಕಣ್ಣೊರೆಸಿಕೊಂಡು ಅಡುಗೆಮನೆಯ ಬಾಗಿಲಿನಿಂದ ಅಪ್ಪನತ್ತ ನಡೆದು ಬಂದಳು. ಕುಂಟಿದ್ದು ಬಲಗಾಲೇ! ಅವಳ ಕಾಲು ಏನನ್ನೂ ಮರೆತಿರಲಿಲ್ಲ; ಕನ್ನಡಿಯಲ್ಲಿ ಕಂಡದ್ದನ್ನು ಕಂಡಂತೆಯೇ ಇಳಿಸಿದ್ದರಿಂದ ಬಲ ಎಡವಾಗಿತ್ತು, ಅಷ್ಟೇ. ಇದನ್ನು ಹೇಳಬೇಕೆಂದು ಬಾಯಿ ತೆರೆದ ನಾನು ನಾಗಲಿಂಗಪ್ಪನವರ ಮುಖ ನೋಡಿ ಸುಮ್ಮನಾದೆ. ಕುರ್ಚಿಯಿಂದ ಅರ್ಧ ಎದ್ದು, ಬರುತ್ತಿದ್ದವಳಿಗೆ ಆಸರೆ ಕೊಡುವಂತೆ ಕೈ ಚಾಚಿದ್ದರು. ಕಣ್ಣು ತುಂಬಿ ಹರಿಯುತ್ತಿತ್ತು.

"ಇನ್ನೊಮ್ಮೆ ಬಾರವಾ" ಎಂದರು.

ಅವಳು ಅಡುಗೆಮನೆಗೆ ಹಿಂದಿರುಗಿದಳು. ನಾನು ಕೆಳಗಿಳಿದು ಬಂದೆ.

ಈಗ ಗೋಡೆಯ ಮೇಲೆ ಹೊಸ ಹಾಳೆಯಿದೆ. ಕನ್ನಡಿಯಿದ್ದ ಜಾಗದಲ್ಲಿ ಅಪ್ಪ ಕೂರುತ್ತಾರೆ, ಮಗಳು ನಡೆದು ತೋರಿಸಿ, ಅವರು ಸರಿಯೆಂದದ್ದನ್ನು ಬರೆಯುತ್ತಾಳೆ. ಪ್ರತಿಭಾಳಂಥವರ ಬಾಳೇ ಹೀಗೆಂದು ಕಾಣುತ್ತದೆ: ಹೋದವರು ಒಂದು ಹೆಜ್ಜೆ ಹತ್ತಿರ ಬರಬೇಕಾದರೂ ಈಗತಾನೆ ಮೂಡಿದವರನ್ನು ಕೈಯಾರೆ ಅಳಿಸಬೇಕು. ನಮ್ಮಂಥವರು ತಾಯಿಯನ್ನು ಒಮ್ಮೆ ಕಳೆದುಕೊಳ್ಳುತ್ತೇವೆ, ಇವರು ಹೆಜ್ಜೆಗೊಮ್ಮೆ.