ಹೊಟ್ಟೆಯಿಲ್ಲದ ಪೊಲೀಸ

ಹಗರಣದಲ್ಲಿ ಪೊಲೀಸನ ವೇಷ ಜಟ್ಟುವಿನ ಮನೆಯದು. ಹೋಳಿ ಹುಣ್ಣಿಮೆಯ ಹೊತ್ತಿಗೆ ಊರವರು ಡಾಕ್ಟರು, ಮಾಸ್ತರು, ಮಂತ್ರಿ ಎಂದು ವೇಷ ಹಾಕಿ ಎಲ್ಲರನ್ನೂ ಅಣಕಿಸುತ್ತ ಅಂಕೋಲೆಯ ಪೇಟೆಯಲ್ಲಿ ಮೆರವಣಿಗೆ ಹೋಗುವುದೇ ಹಗರಣ. ಅದರಲ್ಲಿ ಅವನ ಅಪ್ಪ ಪೊಲೀಸನಾಗುತ್ತಿದ್ದ. ಹೊಟ್ಟೆಗೆ ಹುಲ್ಲಿನ ಕಂತೆ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಕೈಯಲ್ಲಿ ಬಾಳೆದಿಂಡಿನ ಲಾಠಿ. ಜನ ನಕ್ಕು ಕೊಟ್ಟದ್ದು ಜೋಳಿಗೆಗೆ ಬೀಳುತ್ತಿತ್ತು. ಅದು ಸುಗ್ಗಿಯ ದೇವರ ದೀಪಕ್ಕೆ. ಅಪ್ಪ ತೀರಿದ ಮೇಲೆ ವೇಷ ಜಟ್ಟುವಿಗೆ ಬಂತು.

ಈ ವರ್ಷ ಅವನು ಹುಲ್ಲು ಮುಟ್ಟಲಿಲ್ಲ. ದರ್ಜಿ ಯೋಗೇಶನಿಂದ ಮೈಗೆ ಸರಿಯಾಗಿ ಖಾಕಿ ಅಂಗಿ, ಪ್ಯಾಂಟು ಹೊಲಿಸಿಕೊಂಡ. ಹೆಗಲಿಗೆ ನಾಟಕದವರಿಂದ ತಂದ ಎರಡೆರಡು ನಕ್ಷತ್ರ ಹಚ್ಚಿಸಿದ. ಕಾನ್‌ಸ್ಟೇಬಲ್ ಭರ್ತಿಗೆ ಹೋಗಿ, ಎತ್ತರ ಎರಡು ಬೆರಳು ಕಡಿಮೆ ಬಿದ್ದು ಮೈದಾನದಿಂದಲೇ ವಾಪಸು ಬಂದವನು ಅವನು. ಈಗ ಬೈತಖೋಲ ಬಂದರಿನ ಗೇಟಿಗೆ ಕಾವಲುಗಾರನಾಗಿ ಆಯ್ಕೆಯಾಗಿದ್ದ. ಅವನ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರು ಬರೆದು ಕೊಡುವುದೊಂದೇ ಬಾಕಿ.

ಬೆಳಿಗ್ಗೆ ತಾಯಿ ಕಾಮಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಹೊಟ್ಟೆ ಇಲ್ದೆ ಅದೆಂತಾ ಪೊಲೀಸ್ ವೇಷನಾ ತಮಾ? ನಗೂಕೆ ಎಂತಾ ಅದೆ ಅದ್ರಲ್ಲಿ?”

ಈ ಸಲ ಚೆಂದ ಕಾಣಲಿ ಎಂದು ಹೇಳಿ ಅವನು ಹೊರಟ.

ಪೇಟೆಯಲ್ಲಿ ಡಾಕ್ಟರನಿಗೆ ನಕ್ಕರು, ಮಂತ್ರಿಗೆ ನಕ್ಕರು. ಜಟ್ಟು ಚಹಾದಂಗಡಿಯ ಎದುರು ನಿಂತಾಗ ಒಳಗೆ ಕೂತವರು ಎದ್ದು ನಿಂತರು. ಅಂಗಡಿಯವರು ಕಾಸು ಕೊಟ್ಟರು, ನಗಲಿಲ್ಲ. ಜಟ್ಟುವಿಗೆ ಅದು ಬೇಸರವೆನಿಸಲಿಲ್ಲ. ಅವನ ನಡಿಗೆ ಇನ್ನಷ್ಟು ನೆಟ್ಟಗಾಯಿತು.

ಮೆರವಣಿಗೆ ಹೆದ್ದಾರಿಯ ತಿರುವಿಗೆ ಬಂದಾಗ ಲಾರಿಯೊಂದು ದಾರಿಗೆ ಅಡ್ಡವಾಗಿ ನಿಂತಿತ್ತು. ಜಟ್ಟು ಮುಂದೆ ಹೋಗಿ ಕೈಬೀಸಿ ಅದನ್ನು ಬದಿಗೆ ಹಾಕಿಸಿದ. ಚಾಲಕ ಕಿಶನ ಗುಜರಾತಿನ ಕಡೆಯವನು. ಅವನು ಹಗರಣ ಕಂಡವನಲ್ಲ. ಕಿಟಕಿಯಿಂದ ನೂರರ ನೋಟು ಚಾಚಿದ. ಆ ದಿನ ಯಾರು ಏನು ಕೊಟ್ಟರೂ ದೇವರ ಪಾಲು ಎಂದು ತಿಳಿದು ಬೆಳೆದ ಜಟ್ಟು ನೋಟನ್ನು ಕಣ್ಣಿಗೆ ಒತ್ತಿಕೊಂಡು ಜೋಳಿಗೆಗೆ ಹಾಕಿದ.

ಸ್ವಲ್ಪ ಮುಂದೆ ನಿಜವಾದ ಪೊಲೀಸರು ಲಾರಿ ತಡೆದು ಕಾಗದಪತ್ರ ಕೇಳಿದರು. ನಿಮ್ಮ ಸಾಹೇಬರಿಗೆ ಆಗಲೇ ಕೊಟ್ಟು ಬಂದಿದ್ದೇನೆ ಎಂದ ಕಿಶನ. ಯಾವ ಸಾಹೇಬರು ಎಂದು ಕೇಳಿದರು. ಎರಡು ನಕ್ಷತ್ರದವರು ಎಂದ.

ಮಧ್ಯಾಹ್ನಕ್ಕೆ ಜಟ್ಟು ಠಾಣೆಯಲ್ಲಿದ್ದ. ಮೇಜಿನ ಮೇಲೆ ಜೋಳಿಗೆ, ಮೇಜಿನಾಚೆ ಸಬ್‌ಇನ್‌ಸ್ಪೆಕ್ಟರ್ ವಿಜೇತಾ. ಅವರು ಕಾರವಾರದ ಬಳಿಯ ಕಿನ್ನರ ಎಂಬ ಊರಿನವರು, ಅಂಕೋಲೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಬದಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಉಮೇಶ, ಬಾಗಿಲಲ್ಲಿ ಕಿಶನ. ಉಮೇಶ ಊರಿನ ಪದ್ಧತಿಯನ್ನು ವಿವರಿಸಿದ, ಇವನ ಅಪ್ಪನ ವೇಷವನ್ನೂ ನೆನೆದ. ವಿಜೇತಾ ಎಲ್ಲ ಕೇಳಿಸಿಕೊಂಡರು.

“ಬಟ್ಟೆ ಹಾಕಿದ ಮಾತ್ರಕ್ಕೆ ಕೇಸಾಗೂದಿಲ್ಲ. ಜನ ನಂಬ್ಲಿ ಅಂತ ಹಾಕಿದ್ರೆ ಆಗ್ತದೆ. ನೀ ಹೇಳು, ನಂಬ್ಲಿ ಅಂತ ಹಾಕಿದ್ದಾ, ನಗ್ಲಿ ಅಂತಾ?”

ನಗಲಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಉಮೇಶ ಕಣ್ಣಿನಲ್ಲೇ ಅದನ್ನು ಹೇಳಿಕೊಟ್ಟ. ಜಟ್ಟುವಿಗೆ ಬೈತಖೋಲದ ಗೇಟು ಕಣ್ಣೆದುರು ಬಂತು. ಚಹಾದಂಗಡಿಯಲ್ಲಿ ಎದ್ದು ನಿಂತವರೂ ಬಂದರು.

“ಎರಡೂ ಅದೆ ಮೇಡಂ,” ಎಂದ.

ಉಮೇಶ ಹಣೆ ಉಜ್ಜಿಕೊಂಡ. ವಿಜೇತಾ ಪೆನ್ನು ಕೆಳಗಿಟ್ಟರು.

“ಹಗರಣ ಅಂದ್ರೆ ಇಲ್ಲೇ ಮಾಡು. ನಗು ಬಂದ್ರೆ ಹಗರಣ. ಬರದಿದ್ರೆ ನಾ ಕೇಸು ಬರೀತೆ.”

ಅಂಗಳದಲ್ಲಿ ಐದಾರು ಮಂದಿ ಪೊಲೀಸರು ಕೂಡಿದರು. ಜಟ್ಟು ಮುಖ ಬಿಗಿದು, ಎದೆ ಮುಂದೆ ಮಾಡಿ, ಸೊಂಟಕ್ಕೆ ಕೈಯಿಟ್ಟು ಅತ್ತಿಂದಿತ್ತ ನಡೆದ. ಯಾರೂ ನಗಲಿಲ್ಲ. ಅವನು ಎದುರು ಬಂದಾಗ ಉಮೇಶನ ಕೈ ತಂತಾನೆ ಬೆಲ್ಟು ಸರಿಮಾಡಿಕೊಂಡಿತು. ವಿಜೇತಾ ಕಿಸೆಯಿಂದ ಪೆನ್ನು ತೆಗೆದರು.

ಜಟ್ಟು ನಿಂತ. ಟೊಪ್ಪಿ ತೆಗೆದು ಮೆಟ್ಟಿಲ ಮೇಲಿಟ್ಟ. ಆಮೇಲೆ ಆ ಅಂಗಳವನ್ನೇ ಭರ್ತಿಯ ಮೈದಾನ ಮಾಡಿಕೊಂಡ. ಕೂದಲನ್ನು ಎರಡೂ ಕೈಯಿಂದ ಮೇಲಕ್ಕೆ ನಿಲ್ಲಿಸಿಕೊಂಡು, ಕತ್ತು ಉದ್ದ ಮಾಡಿ, ಅಳತೆಯ ಕೋಲಿಗೆ ಬೆನ್ನು ಹಚ್ಚಿದಂತೆ ಕಂಬಕ್ಕೆ ಆತುಕೊಂಡ. ಹಿಮ್ಮಡಿ ಮೆಲ್ಲಗೆ ಮೇಲೆದ್ದಿತು. ಕೂಡಲೇ ತಾನೇ ಅಳೆಯುವವನಾಗಿ ಬಂದು, ಅಂಗೈಯಿಂದ ಕೂದಲನ್ನು ಚಪ್ಪಟೆ ಒತ್ತಿ, ಬಗ್ಗಿ ಹಿಮ್ಮಡಿ ನೋಡಿದ. ಹಿಮ್ಮಡಿ ಇಳಿಯಿತು. ಅಳೆಯುವವನು ತಿರುಗಿದ, ಹಿಮ್ಮಡಿ ಏರಿತು. ಕೊನೆಗೆ ಅಳೆಯುವವನು ‘ನಡಿ’ ಎಂದದ್ದಕ್ಕೆ ಜಟ್ಟು ಸೆಟೆದು ನಿಂತು ಸೆಲ್ಯೂಟು ಹೊಡೆದ. ಅಧಿಕಾರಿಗಲ್ಲ, ಕಂಬಕ್ಕೆ.

ಮೊದಲು ನಕ್ಕವನು ಕನ್ನಡದ ಒಂದು ಮಾತೂ ತಿಳಿಯದ ಕಿಶನ. ಆಮೇಲೆ ಪೊಲೀಸರು ನಕ್ಕರು. ಅವರೆಲ್ಲ ಆ ಕೋಲಿನ ಕೆಳಗೆ ನಿಂತು ಬಂದವರೇ. ಉಮೇಶ ಕಣ್ಣು ಒರೆಸಿಕೊಂಡ. ವಿಜೇತಾ ನಕ್ಕರೋ ಇಲ್ಲವೋ, ಬಾಯಿಗೆ ಕೈ ಅಡ್ಡ ಬಂದದ್ದನ್ನು ಮಾತ್ರ ಎಲ್ಲರೂ ಕಂಡರು.

ಕೇಸು ಇಲ್ಲವೆಂದರು ಅವರು. ಹೆಗಲ ನಕ್ಷತ್ರಗಳನ್ನು ಅಲ್ಲೇ ಬಿಚ್ಚಿಸಿದರು, ಇನ್ನು ಮೇಲೆ ಹೆದ್ದಾರಿಗೆ ಈ ಬಟ್ಟೆಯಲ್ಲಿ ಕಾಲಿಡಕೂಡದು ಎಂದರು, ನೂರು ರೂಪಾಯಿ ವಾಪಸು ಕೊಡಿಸಿದರು. ಕಿಶನ ಅದನ್ನು ಮತ್ತೆ ಜೋಳಿಗೆಗೆ ಹಾಕಹೊರಟ.

“ಈಗ ಕೊಡೂದು ಹಗರಣಕ್ಕೆ, ಸರಿ. ಆಗ ಕೊಟ್ಟದ್ದು ಎಂತಕ್ಕೆ ಅಂತ ಅವಂಗೆ ಕೇಳಿ ಉಮೇಶ,” ಎಂದರು ವಿಜೇತಾ.

ಉಮೇಶ ಹಿಂದಿಯಲ್ಲಿ ಕೇಳಿದ. ಕಿಶನ ನೆಲ ನೋಡಿದ. ನೋಟು ಜೋಳಿಗೆಗೆ ಬಿತ್ತು.

ಜಟ್ಟು ದೇವರ ಸ್ಥಳ ಸೇರುವಾಗ ವೇಷದವರೆಲ್ಲ ಬಣ್ಣ ತೊಳೆಯುತ್ತಿದ್ದರು. ಜೋಳಿಗೆಯನ್ನು ದೀಪದ ಮುಂದಿಟ್ಟು ಕೈಮುಗಿದ. ಕಾಮಿ ಅವನ ನಕ್ಷತ್ರವಿಲ್ಲದ ಹೆಗಲನ್ನು ನೋಡಿದಳು.

ಠಾಣೆಯಿಂದ ಕಾಗದ ಒಳ್ಳೆಯದಾಗಿಯೇ ಬಂತು. ಬೈತಖೋಲದಲ್ಲಿ ಅವನಿಗೆ ನೀಲಿ ಅಂಗಿ ಕೊಟ್ಟರು, ಹೆಗಲು ಇಳಿಬಿದ್ದಿತ್ತು. ಅದನ್ನೂ ಖಾಕಿ ಅಂಗಿಯನ್ನೂ ಒಟ್ಟಿಗೆ ಯೋಗೇಶನ ಅಂಗಡಿಗೆ ಒಯ್ದ.

“ನೀಲಿದು ಮೈಗೆ ಸರಿ ಮಾಡು,” ಎಂದ. “ಖಾಕಿದು ಬಿಚ್ಚಿ ಅಗಲ ಮಾಡು. ಹುಲ್ಲು ಹಿಡೀಬೇಕು.”