ಅಜ್ಜನ ಹೆಸರು

ಡಾಕ್ಟರ್ ಆನಂದತೀರ್ಥನಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ಅಂಥವನು 2002ರ ಆ ಭಾನುವಾರ ಊಟವಾದದ್ದೇ ತಡ, ತಾಯಿಯನ್ನೂ ಎಂಟು ತಿಂಗಳ ಬಸುರಿ ಹೆಂಡತಿಯನ್ನೂ ಕಾರಿಗೆ ಹತ್ತಿಸಿದಾಗಲೇ ಮೀರಾಳಿಗೆ ಅನುಮಾನ ಬಂದಿತ್ತು. ಹಿಮದ ನಾಡಿನ ಇನ್ಯೂಟ್ ಜನರ ಕಥೆಯಂತೆ. ಹಿರಿಯರ ಜೊತೆ ಕೂತು ನೋಡಿದರೂ ಮುಜುಗರವಿಲ್ಲವಂತೆ. ಅವನ ಲೆಕ್ಕ ಬೇರೆಯೇ ಇತ್ತು. ಆ ಜನ ಹುಟ್ಟಿದ ಕೂಸಿಗೆ ಸತ್ತವರ ಹೆಸರಿಡುತ್ತಾರೆಂದು ಆಸ್ಪತ್ರೆಯಲ್ಲಿ ಯಾರೋ ಅವನ ಕಿವಿಗೆ ಹಾಕಿದ್ದರು.

ಪರದೇಶದ ಕೆಂಟನ್ನಿನ ಆ ಮನೆಯಲ್ಲಿ ಮೂರು ತಿಂಗಳಿಂದ ಹೆಸರಿನದೇ ಜಗಳ. ಗಂಡು ಎಂದು ಸ್ಕ್ಯಾನ್ ಮಾಡಿದವಳು ಹೇಳಿದ ದಿನವೇ ಆನಂದತೀರ್ಥ ತೀರ್ಮಾನಿಸಿಬಿಟ್ಟಿದ್ದ: ಮೊದಲ ಮೊಮ್ಮಗನಿಗೆ ತೀರಿಹೋದ ಅಜ್ಜನ ಹೆಸರು, ಲಕ್ಷ್ಮೀಶ. ಮೀರಾಳಿಗೆ ಅಚಿಂತ್ಯ ಎಂದಿಡುವ ಆಸೆ. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅತ್ತೆ ಶೋಭಾಬಾಯಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದವರು. ಪಾಸ್‌ಪೋರ್ಟ್ ಆಫೀಸಿನಲ್ಲಿ ಕೇಳಿದಾಗಲೂ ಚೀಟಿಯಲ್ಲಿ ಬರೆದು ತೋರಿಸಿದವರು. ಇಷ್ಟು ಭಕ್ತಿಯಿದ್ದವರ ಮುಂದೆ ತನ್ನ ಹಟವೇನು ಎಂದು ಮೀರಾ ಆಗಲೇ ಅರ್ಧ ಸೋತಿದ್ದಳು.

ಸಿನಿಮಾದಲ್ಲಿ ಬೇಟೆಗೆ ಹೋದ ಮುದುಕನೊಬ್ಬ ಹಿಮದಲ್ಲಿ ಸಿಕ್ಕಿ ಸತ್ತ. ವರ್ಷ ಕಳೆದು ಮಗಳು ಹೆತ್ತ ಕೂಸಿಗೆ ಅವನದೇ ಹೆಸರಿಟ್ಟರು. ಮುದುಕಿ ಅದನ್ನೆತ್ತಿ ಎದೆಗೊತ್ತಿಕೊಂಡಳು.

"'ತಿರುಗಿ ಬಂದ್ಯಾ, ನನ್ನ ಗಂಡ' ಅನ್ಲಿಕ್ಕತ್ತಾಳವ್ವಾ," ಎಂದು ತೆರೆಯ ಕೆಳಗಿನ ಇಂಗ್ಲಿಷ್ ಓದಲು ಬಾರದ ತಾಯಿಗೆ ಆನಂದತೀರ್ಥ ಪಿಸುಗುಟ್ಟಿದ.

ಶೋಭಾಬಾಯಿ ದಡಕ್ಕನೆ ಎದ್ದರು. ಸಾಲಿನಲ್ಲಿದ್ದವರ ಕಾಲು ತುಳಿಯುತ್ತ ಹೊರಗೆ ನಡೆದೇಬಿಟ್ಟರು.

ಇಬ್ಬರೂ ಹಿಂದೆಯೇ ಓಡಿದರು. ಪಾಪ್‌ಕಾರ್ನ್ ಕೌಂಟರಿನ ಪಕ್ಕ ಅವರು ಗೋಡೆಗೊರಗಿ ನಿಂತಿದ್ದರು. ಗಂಡನ ನೆನಪು ಉಕ್ಕಿಬಂದಿರಬೇಕೆಂದು ಮೀರಾ ಅವರ ಕೈ ಹಿಡಿದಳು.

"ನೋಡಿದೆಲ್ಲ ಅವ್ವಾ, ಅವರೊಳಗೂ ನಮ್ಮಂಗೇ ಅದ. ಅಪ್ಪನೇ ನಿನ್ನ ತೊಡಿ ಮ್ಯಾಲೆ ಬರ್ತಾನ," ಎಂದ ಮಗ, ವಾದ ಗೆದ್ದವನ ಹಾಗೆ.

"ಆ ಹೆಸರು ಬ್ಯಾಡ, ಆನಂದಾ."

"ಯಾಕವ್ವಾ? ಇಷ್ಟು ವರ್ಷ ಮರ್ಯಾದಿಗೆ ಅಂತ ಆ ಹೆಸರು ಸೈತ ಹೇಳಲಿಲ್ಲ ನೀನು."

"ಮರ್ಯಾದಿ ಅಂತ ನೀವು ತಿಳಕೊಂಡ್ರಿ. ಅದು ಅಂಜಿಕಿ. ಲಕ್ಷ್ಮೀಶ," ಎಂದರು ಶೋಭಾಬಾಯಿ. ಹೇಳಬಾರದ್ದನ್ನು ಹೇಳಿದವರಂತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಲಕ್ಷ್ಮೀಶ ನನ್ನ ಹೊಟ್ಟಿಗೆ ಒದ್ದ. ಎಂಟು ತಿಂಗಳಾಗಿತ್ತು. ನಿನಗಿಂತ ಮೊದಲಿನ ಕೂಸದು. ಉಳೀಲಿಲ್ಲ."

ಮೀರಾಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಮನೆಯ ಪಡಸಾಲೆಯ ಫೋಟೋದಲ್ಲಿ ಗಂಧದ ಹಾರ ಹಾಕಿಸಿಕೊಂಡು ನಗುತ್ತಿರುವ ಆ ಮನುಷ್ಯನಿಗೆ ಅವಳು ದಿನಾ ಕೈ ಮುಗಿದಿದ್ದಳು. ಅದನ್ನು ನೆನೆದು ಮೈ ಉರಿಯಿತು. ಆನಂದತೀರ್ಥ ಅಲ್ಲೇ ಕಾರ್ಪೆಟ್ಟಿನ ಮೇಲೆ ಕುಸಿದು ಕೂತ.

ಶೋಭಾಬಾಯಿ ಮಗನತ್ತ ನೋಡಲೇ ಇಲ್ಲ.

"ಈ ಕೂಸಿನ್ನ ಎತ್ತಿ ಆಡಸಬೇಕಂತ ಇಷ್ಟು ದೂರ ಬಂದೀನಿ, ಮೀರಾ," ಎಂದರು. "ಆ ಹೆಸರಿಟ್ಟರ ನಾ ಎತ್ತಿಕೊಳ್ಳಲಾರೆ."